ಸಿಲೇಸಿಯನ್ ಅಜ್ಜಿಯ ನೆನಪುಗಳನ್ನು ಲೊಂಬಾರ್ಡ್‌ಗೆ ತರಬೇಕು, ಅನುಭವ ಇದ್ದವರು ಹೇಳಿ

ಪ್ರಶ್ನೆ: ನಾನು ಮಿಲಾನ್‌ನಲ್ಲಿದ್ದೇನೆ. ನನ್ನ ಗೆಳತಿ ಪೋಲೆಂಡಿನ ಕಾಟೊವಿತ್ಸೆಯವಳು. ಅವಳ ಗಂಡ ಮಿಲಾನ್ ಪಕ್ಕದ ಊರಿನವನು. ಅಜ್ಜಿ ಆ ಕಡೆಯ ಸಿಲೇಸಿಯನ್ ಭಾಷೆಯಲ್ಲಿ ಹೇಳಿದ ನೆನಪುಗಳನ್ನು ಅವಳು ಎರಡು ಪುಟ ಬರೆದಿಟ್ಟಿದ್ದಾಳೆ. ಅದನ್ನು ಗಂಡನ ಮನೆಯ ಹಿರಿಯರಿಗೆ ಅವರ ಊರ ಕಡೆಯ ಮಾತಾದ ಲೊಂಬಾರ್ಡ್‌ನಲ್ಲೇ ಓದಿ ಹೇಳಬೇಕು ಅಂತ ಆಸೆ. ನನಗೆ ಪೋಲಿಷ್ ಬರುತ್ತದೆ, ಇಟಾಲಿಯನ್ ತಕ್ಕಮಟ್ಟಿಗೆ ಬರುತ್ತದೆ. ಸಿಲೇಸಿಯನ್‌ನಿಂದ ಲೊಂಬಾರ್ಡ್‌ಗೆ ನೇರ ನಿಘಂಟು ಸಿಗಲಿಲ್ಲ. ಪೋಲಿಷ್‌ಗೆ, ಅಲ್ಲಿಂದ ಇಟಾಲಿಯನ್‌ಗೆ, ಆಮೇಲೆ ಲೊಂಬಾರ್ಡ್‌ಗೆ ಅಂತ ಹೋದರೆ ಸಾಕಾ?

ಉತ್ತರ 1 (ಮೊದಲು ಕಾಟೊವಿತ್ಸೆ, ಈಗ ಮಿಲಾನ್):
ಇಂಥದ್ದೇ ಒಂದು ಅಜ್ಜಿಯ ಕಥೆಗೆ ನಾನೂ ಹಾಗೇ ಶುರು ಮಾಡಿದ್ದೆ. ಅರ್ಥ ದಾಟುತ್ತದೆ, ಆದರೆ ಅಜ್ಜಿ ದಾರಿಯಲ್ಲೇ ಉಳಿದುಬಿಡುತ್ತಾರೆ. ಒಂದು ವಾಕ್ಯ ನೋಡಿ. ಸಿಲೇಸಿಯನ್‌ನಲ್ಲಿ ಹಳಬರು 'ಸ್ತಾರ್ಕ ಪೆಜೆಲಿ' ಅನ್ನುತ್ತಾರೆ. ಅಜ್ಜಿ ಒಬ್ಬರೇ, ಕ್ರಿಯಾಪದ ಮಾತ್ರ ಬಹುವಚನ. ಎದುರಿಗೆ ಇಲ್ಲದ ಹಿರಿಯರಿಗೂ ಆ ಮರ್ಯಾದೆ ಉಂಟು. ಕನ್ನಡದಲ್ಲಿ 'ಅಜ್ಜಿ ಹೇಳಿದರು' ಅಂದರೆ ಮುಗಿಯಿತು, ಒಂದು ಕೂದಲೂ ಕೊಂಕುವುದಿಲ್ಲ. ಪೋಲಿಷ್‌ಗೆ ತಂದರೆ ಸಾಮಾನ್ಯವಾಗಿ ಏಕವಚನವಾಗುತ್ತದೆ, 'ಹೇಳಿದಳು'. ಲೊಂಬಾರ್ಡ್‌ನಲ್ಲಿ 'ಲಾ ದೀ' ಅಂತ ಬರುತ್ತದೆ. ಅಲ್ಲಿ ಹೇಳಿದ್ದು ಅವನೋ ಅವಳೋ ಅನ್ನುವುದೂ ಗೊತ್ತಾಗುವುದಿಲ್ಲ, ಎರಡಕ್ಕೂ ಅದೇ ರೂಪ. ಹಾಗಾಗಿ 'ಲೂ' (ಅವನು), 'ಲೇ' (ಅವಳು) ಅಂತ ಬೇರೆ ಸೇರಿಸಬೇಕು.

ಮರ್ಯಾದೆ ಹೇಗೆ ಉಳಿಸುವುದು? ಲೊಂಬಾರ್ಡ್‌ನಲ್ಲಿ ಅಜ್ಜಿಗೆ ಬಹುವಚನದ ಕ್ರಿಯಾಪದ ಹಾಕಿದರೆ ತಪ್ಪಾಗುತ್ತದೆ. ಆದರೆ ನೇರವಾಗಿ ಮಾತಾಡಿಸುವಾಗ ಹಳೆ ಮಿಲಾನೀಸ್‌ನಲ್ಲಿ (ಮಿಲಾನ್ ಕಡೆಯ ಲೊಂಬಾರ್ಡ್) 'ವ್ಯೂ' ಇದೆ, ನಮ್ಮ 'ನೀವು' ಇದ್ದ ಹಾಗೆ. ನಾನು ಕಥೆಯ ಎರಡು ಕಡೆ ಮೊಮ್ಮಗಳೇ ಅಜ್ಜಿಯನ್ನು ಮಾತಾಡಿಸುವ ಹಾಗೆ ಮಾಡಿ 'ವ್ಯೂ' ತಂದೆ. ಮೂಲದಲ್ಲಿ ಅದು ಅದೇ ಜಾಗದಲ್ಲಿ ಇರಲಿಲ್ಲ, ನಿಜ. ಆದರೂ ಅಜ್ಜಿಯ ಸ್ಥಾನ ಉಳಿಯಿತು. ಇದು ಸರಿ ಅಂತಲೇ ನನ್ನ ಅಭಿಪ್ರಾಯ.

ಪೋಲಿಷ್ ಬಲ್ಲವರಿಗೆ ಇನ್ನೊಂದು ಗುಂಡಿ 'ಯಾ'. ಪೋಲಿಷ್‌ನಲ್ಲಿ ಅದು 'ನಾನು'. ಸಿಲೇಸಿಯನ್‌ನಲ್ಲಿ ಅದು ಜರ್ಮನ್‌ನಿಂದ ಬಂದ 'ಹೌದು', 'ನಾನು' ಅನ್ನಲು 'ಯೋ' ಇದೆ. ನಾನು ಒಂದು ಪುಟ ಪೂರ್ತಿ ಇದನ್ನು ತಪ್ಪು ಓದಿದ್ದೆ.

'ಸಿನೆಕ್' ಕೂಡ ಹಾಗೇ. ಪೋಲಿಷ್‌ನಲ್ಲಿ ಅದು ಪುಟ್ಟ ಮಗ, ಸಿಲೇಸಿಯನ್‌ನಲ್ಲಿ ಯಾವ ಹುಡುಗನಾದರೂ ಸರಿ. ಇಟಾಲಿಯನ್ ಮೂಲಕ ಹೋದರೆ ಬೀದಿಯ ಹುಡುಗರೆಲ್ಲ ಅಜ್ಜಿಯ ಮಕ್ಕಳಾಗುತ್ತಾರೆ. ಆದರೆ ಮಿಲಾನೀಸ್‌ನ 'ಫ್ಯೋ'ಗೆ ಮಗ, ಹುಡುಗ ಎರಡೂ ಅರ್ಥ ಇದೆ. ನೇರ ಬಂದರೆ ಸುಮ್ನೆ ಕೂತುಕೊಳ್ಳುತ್ತದೆ. ಗೆಳೆಯನನ್ನು 'ಏನ್ ಮಗಾ' ಅನ್ನುವ ನಮಗೆ ಇದು ಬೇಗ ಅರ್ಥವಾಗುತ್ತದೆ ಅಲ್ವಾ?

ಇನ್ನು 'ಇಲ್ಲ'. ಸಿಲೇಸಿಯನ್‌ನಲ್ಲಿ ಅದು ಕ್ರಿಯಾಪದದ ಮುಂಚೆ: 'ನೀ ವೀಮ್'. ಇಟಾಲಿಯನ್‌ನಲ್ಲೂ ಮುಂಚೆಯೇ. ಮಿಲಾನೀಸ್‌ನಲ್ಲಿ ಕೊನೆಗೆ: 'ಎಲ್ ಸೋ ನೋ', ಥೇಟ್ ನಮ್ಮ 'ಗೊತ್ತಿಲ್ಲ' ಇದ್ದ ಹಾಗೆ. ಇಟಾಲಿಯನ್ ವಾಕ್ಯ ಎದುರಿಗೆ ಇಟ್ಟುಕೊಂಡು ಬರೆದಾಗ ನನ್ನ 'ಇಲ್ಲ'ಗಳೆಲ್ಲ ಮುಂದೆ ಜಾರಿದ್ದವು. ಪಕ್ಕದ ಮನೆಯ ಹಿರಿಯರು ಓದಿ, ಇದು ಲೊಂಬಾರ್ಡ್ ವೇಷ ಹಾಕಿದ ಇಟಾಲಿಯನ್ ಅಂದರು. ಮೂರು ದಿನ ಕೂತು ಮತ್ತೆ ಬರೆದೆ.

ನನ್ನ ಸಲಹೆ ಇದು. ಮೊದಲು ಅಜ್ಜಿಯ ಮಾತನ್ನು ಕನ್ನಡಕ್ಕೆ ತನ್ನಿ. ನಿಮಗೆ ಮನೆಯ ಮಾತಾಗಿ ಬರುವುದು ಅದೊಂದೇ ಅಲ್ವಾ. ಅಲ್ಲಿಂದ ಲೊಂಬಾರ್ಡ್ ಬಲ್ಲವರ ಜೊತೆ ಕೂತು ಒಂದೊಂದೇ ವಾಕ್ಯ ಹೇಳಿ ಬರೆಯಿರಿ.

ಉತ್ತರ 2 (ಬೆರ್ಗಮೊ):
ಯಾವ ಲೊಂಬಾರ್ಡ್ ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ. 'ಇಲ್ಲ' ಅನ್ನಲು ಮಿಲಾನ್‌ನಲ್ಲಿ 'ನೋ', 'ಮಿಂಗಾ'. ನಮ್ಮಲ್ಲಿ 'ಮಿಯಾ'. ಅಲ್ಲಿ ಹುಡುಗ 'ಫ್ಯೋ', ಇಲ್ಲಿ 'ಸ್ಚೆತ್'. ಎರಡನ್ನೂ ಬೆರೆಸಿದರೆ ಯಾರ ಮನೆಯ ಮಾತೂ ಆಗುವುದಿಲ್ಲ.

ಕಾಗುಣಿತವೂ ಎರಡು ಬಗೆ. ಹಳೆ ಮಿಲಾನೀಸ್ ಬರವಣಿಗೆಯಲ್ಲಿ ಒಂದೇ ಸ್ವರಕ್ಕೆ ಮೂರು ಅಕ್ಷರ ಸೇರಿಸುತ್ತಾರೆ, ಬೇರೆ ಕಡೆ ಚುಕ್ಕಿ ಇಟ್ಟ ಒಂದೇ ಅಕ್ಷರ. ಎರಡರಲ್ಲೂ ಹುಡುಕಿ. ಹಳೆ ಮಿಲಾನೀಸ್ ಪದಗಳಿಗೆ ಫ್ರಾಂಚೆಸ್ಕೊ ಕೆರುಬಿನಿಯ 1814ರ ನಿಘಂಟು ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಸ್ವಿಟ್ಜರ್ಲೆಂಡಿನ ತಿಚೀನೊ ಕಡೆಯ ಲೊಂಬಾರ್ಡ್ ಮಾತಿಗೆ ಬೆಲಿಂಜೋನಾದಲ್ಲಿ 2004ರಲ್ಲಿ ಬಂದ 5 ಸಂಪುಟಗಳ ಕೋಶ ಇದೆ.

ಉತ್ತರ 3 (ಮಂಗಳೂರು, ಭಾಷಾ ತಂತ್ರಾಂಶದ ಕೆಲಸ):
2024ರ ಜೂನ್‌ನಲ್ಲಿ ಗೂಗಲ್ ಅನುವಾದಕ್ಕೆ 110 ಭಾಷೆ ಸೇರಿದವು. ನಮ್ಮ ತುಳು ಬಂದ ಅದೇ ಪಟ್ಟಿಯಲ್ಲಿ ಸಿಲೇಸಿಯನ್, ಲೊಂಬಾರ್ಡ್ ಎರಡೂ ಇದ್ದವು. ಕರಡಿಗೆ ಬಳಸಿ, ನಂಬಿ ಕೂರಬೇಡಿ. ನನ್ನ ಮಾತು ತುಳು, ಅದರಲ್ಲಿ ಬರುವ ಫಲಿತಾಂಶ ನೋಡಿಯೇ ಹೇಳುತ್ತಿದ್ದೇನೆ.

ಇದಕ್ಕಿಂತ ಒಳ್ಳೆಯದು ಫ್ಲೋರೆಸ್-200 ಅನ್ನುವ ವಾಕ್ಯಗಳ ಕಟ್ಟು. ಒಂದೇ 2,009 ವಾಕ್ಯಗಳು ಸುಮಾರು 200 ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತವೆ. ಸಿಲೇಸಿಯನ್, ಲೊಂಬಾರ್ಡ್, ಕನ್ನಡ ಮೂರೂ ಇವೆ. ಮೂರನ್ನೂ ಅಕ್ಕಪಕ್ಕ ಇಟ್ಟು ಓದಬಹುದು. ಆದರೆ ಮೂಲ ಇಂಗ್ಲಿಷ್, ಸುದ್ದಿ ಮತ್ತು ಪ್ರವಾಸದ ಬರಹಗಳು ಜಾಸ್ತಿ. ಅಡುಗೆಮನೆಯ ಮಾತು ಅಲ್ಲಿ ಸಿಗುವುದಿಲ್ಲ.

ಕೇಳಿದವರು:
ತುಂಬಾ ಥ್ಯಾಂಕ್ಸ್. ಅಜ್ಜಿ 'ಫಮಿಲೊಕ್' ಅಂತ ಪದೇ ಪದೇ ಹೇಳುತ್ತಾರೆ. ಗಣಿ ಕೆಲಸಗಾರರ ಇಟ್ಟಿಗೆ ಮನೆಗಳು ಅಂತ ಗೊತ್ತು. ಅದಕ್ಕೇನು ಮಾಡಲಿ? 'ಗ್ರೂಬ', 'ಶಿಖ್ತ' ಅಂತಲೂ ಇವೆ.

ಉತ್ತರ 1:
'ಗ್ರೂಬ' ಗಣಿ, 'ಶಿಖ್ತ' ಪಾಳಿ, ಎರಡೂ ಜರ್ಮನ್ ಮೂಲದವು. 'ಗ್ರೂಬ'ವನ್ನು ಹಾಗೇ ಬಿಡಿ, ಮೊದಲ ಸಲ ಬಂದಾಗ ಬಿಡಿಸಿ ಹೇಳಿದರೆ ಸಾಕು. ಆ ಸದ್ದು ಕಿವಿಗೆ ಬೀಳಬೇಕು.

'ಫಮಿಲೊಕ್'ಗೆ ನಾನು ಬಹಳ ದಿನ ತಡಕಾಡಿದೆ. ಕೊನೆಗೆ ನನಗೆ ದಾರಿ ತೋರಿಸಿದ್ದು 'ವಠಾರ'. ಒಂದೇ ಅಂಗಳ, ಗೋಡೆಗೆ ಗೋಡೆ ಅಂಟಿದ ಮನೆಗಳು, ಒಬ್ಬರ ಮನೆಯ ಸಾರಿನ ವಾಸನೆ ಇನ್ನೊಬ್ಬರಿಗೆ. ಮಿಲಾನ್‌ನಲ್ಲೂ ಹಾಗೇ ಇದೆ, 'ಕಾ ದೆ ರಿಂಗೇರಾ', ಎಲ್ಲರ ಬಾಗಿಲಿನ ಮುಂದೆ ಒಂದೇ ಉದ್ದ ಮೊಗಸಾಲೆ ಇರುವ ಕೆಲಸಗಾರರ ಕಟ್ಟಡ. ಕಟ್ಟಡ ಬೇರೆ, ಬದುಕು ಹತ್ತಿರ. ನಾನು ಅದನ್ನೇ ಹಾಕಿದೆ. ಓದುವಾಗ ಪಕ್ಕದ ಮನೆಯ ಹಿರಿಯರು ಅಲ್ಲಿ ನಿಲ್ಲಿಸಿದರು. ಅವರು ಹುಟ್ಟಿದ್ದು ಅಂಥದ್ದೇ ಒಂದು ಕಟ್ಟಡದ ಮೂರನೇ ಮಹಡಿಯಲ್ಲಂತೆ. ಆಮೇಲೆ ಅರ್ಧ ಗಂಟೆ ಅವರೇ ಮಾತಾಡಿದರು, ಲೊಂಬಾರ್ಡ್‌ನಲ್ಲಿ.