ಸಹಾಯ ಬೇಕು: ಅನುದಾನ ಮುಗಿಯುತ್ತಿದೆ, ಸಿಬ್ಬಂದಿಗೆ ಹೇಗೆ ಹೇಳಲಿ?

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಕಡೆಯ ಒಂದು ಸಣ್ಣ ಸಂಸ್ಥೆಯಲ್ಲಿ ಸಿಬ್ಬಂದಿ, ಲೆಕ್ಕ ಎರಡನ್ನೂ ನಾನೇ ನೋಡಿಕೊಳ್ಳುತ್ತೇನೆ. ಒಟ್ಟು 14 ಜನ ಇದ್ದೇವೆ. ಮಾರ್ಚ್ 31ಕ್ಕೆ ದೊಡ್ಡ ಅನುದಾನ ಮುಗಿಯುತ್ತದೆ. ಆಮೇಲೆ ಎಂಟು ಜನರಿಗಷ್ಟೇ ಸಂಬಳ ಕೊಡಲು ಸಾಧ್ಯ.

"ಈಗಲೇ ಹೇಳಬೇಡಿ, ಕೆಲಸ ನಿಂತುಹೋಗುತ್ತದೆ" ಎನ್ನುತ್ತಾರೆ ಟ್ರಸ್ಟಿಗಳು. ಆದರೆ ಇಂಥ ಸುದ್ದಿ ಮುಚ್ಚಿಟ್ಟರೆ ನಿಲ್ಲುತ್ತದಾ? ಮೊನ್ನೆ ನಮ್ಮ ಕಾರ್ಯಕರ್ತೆಯೊಬ್ಬರು ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಾ, ತಲೆ ಎತ್ತದೆ, "ಮೇಡಂ, ಸ್ಕೂಟಿ ಸಾಲ ಇನ್ನೂ 11 ಕಂತು ಇದೆ" ಎಂದರು. ಅಷ್ಟೇ. ನಾನು ಸುಮ್ನೆ ಪೆನ್ನಿನ ಕ್ಯಾಪ್ ಹುಡುಕುತ್ತಾ ಕೂತೆ.

ಹೋಗಬೇಕಾದವರಲ್ಲಿ ಇಬ್ಬರಿಗೆ ಏಳು ವರ್ಷ ಆಗಿದೆ. ಗ್ರಾಚ್ಯುಟಿ, ಅಂದರೆ ಇಷ್ಟು ವರ್ಷದ ಸೇವೆಗೆ ಕೆಲಸ ಬಿಡುವಾಗ ಸಿಗಬೇಕಾದ ಇಡಿಗಂಟು, ಕೊಡಲೇಬೇಕು. ಲೆಕ್ಕ ಗೊತ್ತು: ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು. ಆದರೆ ಅದಕ್ಕೆಂದು ನಾವು ಒಂದು ಪೈಸೆಯೂ ಎತ್ತಿಟ್ಟಿಲ್ಲ. ತಪ್ಪು ನಮ್ಮದೇ, ಒಪ್ಪುತ್ತೇನೆ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯಿಂದ ಅಂಥ ದೇಣಿಗೆಯಲ್ಲಿ ಆಡಳಿತ ಖರ್ಚಿನ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತಲ್ವಾ, ಅಲ್ಲೂ ಕೈ ಹಾಕುವ ಹಾಗಿಲ್ಲ.

ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ. ಎಷ್ಟು ತಿಂಗಳು ಮೊದಲು ತಿಳಿಸಿದಿರಿ? ಎಲ್ಲರನ್ನೂ ಕೂರಿಸಿಯೋ, ಒಬ್ಬೊಬ್ಬರನ್ನೇ ಕರೆದೋ? ಉಳಿದ ಅನುದಾನದಿಂದ ಗ್ರಾಚ್ಯುಟಿ ಕೊಡಲು ದಾನಿಗಳು ಒಪ್ಪಿದ್ದುಂಟಾ? ಆರು ಜನರನ್ನು ಕಳಿಸುವ ಬದಲು ಎಲ್ಲರಿಗೂ ವಾರಕ್ಕೆ ನಾಲ್ಕೇ ದಿನ ಕೆಲಸ, ಅಷ್ಟಕ್ಕೇ ಸಂಬಳ ಎಂದು ಯಾರಾದರೂ ಮಾಡಿ ನೋಡಿದ್ದೀರಾ? ನನಗೇನೋ ಅದು ಜಾಸ್ತಿ ದಿನ ನಡೆಯಲಾರದು ಅನ್ನಿಸುತ್ತಿದೆ. ಮುಂದಿನ ಸೋಮವಾರ ಟ್ರಸ್ಟಿಗಳ ಸಭೆ ಇದೆ, ಅದಕ್ಕೆ ಮೊದಲು ಉತ್ತರ ಸಿಕ್ಕರೆ ಒಳ್ಳೆಯದು.