ಪದಚರ್ಚೆ: ‘ಫಾಶಿ ಕೈದಿ’ ಎಂದು ಬರೆಯಬಹುದೇ? ‘ಏಕಾಂತವಾಸ’ಕ್ಕೆ ಬೇರೆ ಪದವುಂಟೇ?

ಹಾವೇರಿಯಿಂದ, ಬುಧವಾರ ಮಧ್ಯಾಹ್ನ

ಬಳಗದ ಹಿರಿಯರಿಗೆ ನಮಸ್ಕಾರ.

ಮರಣದಂಡನೆಗೆ ಗುರಿಯಾದವರ ಮನೆಯವರಿಗಾಗಿ ನಾಲ್ಕು ಪುಟದ ಒಂದು ಕೈಪಿಡಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಶುಕ್ರವಾರ ಬೆಳಿಗ್ಗೆ ಅದು ಹುಬ್ಬಳ್ಳಿಯ ಮುದ್ರಣಾಲಯಕ್ಕೆ ಹೋಗಲೇಬೇಕು. ಎರಡು ಕಡೆ ಕೈ ನಿಂತಿದೆ. ಸೆಷನ್ಸ್ ನ್ಯಾಯಾಲಯ ಮರಣದಂಡನೆ ವಿಧಿಸಿದ ದಿನದಿಂದ ಆ ಮನುಷ್ಯನನ್ನು ಏನೆಂದು ಕರೆಯಬೇಕು? ನಮ್ಮ ಕಡೆಯ ಆಡುಮಾತಿನಲ್ಲಿ ‘ಫಾಶಿ ಕೈದಿ’ ಎನ್ನುತ್ತಾರೆ, ಪತ್ರಿಕೆಗಳು ‘ಗಲ್ಲು ಶಿಕ್ಷೆಗೆ ಗುರಿಯಾದ ಕೈದಿ’ ಎನ್ನುತ್ತವೆ. ಎರಡನೆಯದು, ಒಬ್ಬನನ್ನೇ ಒಂದು ಕೋಣೆಯಲ್ಲಿ ಕೂಡಿಹಾಕುವುದಕ್ಕೆ ಬಳಕೆಯಲ್ಲಿರುವ ‘ಏಕಾಂತವಾಸ’. ಅದನ್ನು ಬರೆಯಲು ನನ್ನ ಮನಸ್ಸು ಒಪ್ಪುತ್ತಿಲ್ಲ.

ಮೊದಲ ಪದಕ್ಕೆ ಇಷ್ಟು ಚಿಂತೆ ಮಾಡಲು ಕಾರಣವಿದೆ. ಕರಡನ್ನು ಓದಿ ಹೇಳಿ ಅರ್ಥವಾಗುತ್ತದೆಯೋ ಇಲ್ಲವೋ ನೋಡಲೆಂದು ಕಳೆದ ತಿಂಗಳು ಅಂಥ ಒಂದು ಮನೆಗೆ ಹೋಗಿದ್ದೆ. ತೀರ್ಪು ಬಂದ ಸಂಜೆ ಓಣಿಯವರು ಬಂದು ‘ಫಾಶಿ ಆತು’ ಎಂದು ಹೇಳಿದಾಗ ಆ ತಾಯಿ ಕೇಳಿದ ಮೊದಲ ಮಾತು, ‘ಹೆಣಾ ಯಾವಾಗ ಕೊಡ್ತಾರ್ರೀ?’ ಮಗ ಬದುಕಿದ್ದಾನೆ, ಮುಂದೆ ಇನ್ನೂ ನ್ಯಾಯಾಲಯಗಳಿವೆ ಎಂದು ಅವರಿಗೆ ತಿಳಿದದ್ದು ಮೂರು ದಿನಗಳ ಮೇಲೆ. ಇದನ್ನು ಹೇಳುವಾಗ ಅವರು ನನ್ನ ಕರಡಿನ ಹಾಳೆಯ ಅಂಚನ್ನು ಬೆರಳಿನಿಂದ ಮಡಿಸುತ್ತ, ಬಿಚ್ಚುತ್ತ ಕುಳಿತಿದ್ದರು. ಅದೇ ಹಾಳೆಯಲ್ಲಿ ನಾನೂ ‘ಫಾಶಿ ಆದವರು’ ಎಂದೇ ಬರೆದಿದ್ದೆ.

ಗದಗಿನಿಂದ, ಬುಧವಾರ ರಾತ್ರಿ

ತಂಗೀ, ನೀವು ಕೊಟ್ಟ ಪದಗಳಲ್ಲಿ ಒಂದೂ ನಮ್ಮದಲ್ಲ. ‘ಫಾಶಿ’ ಮರಾಠಿಯಿಂದ ಬಂದದ್ದು, ಅದರ ಬೇರು ಸಂಸ್ಕೃತದ ‘ಪಾಶ’. ‘ಕೈದಿ’ ಅರಬ್ಬಿ. ‘ಮರಣದಂಡನೆ’ಯ ಎರಡು ತುಂಡೂ ಸಂಸ್ಕೃತ. ‘ಗಲ್ಲು’ ಇಂಗ್ಲಿಷಿನ ‘ಗ್ಯಾಲೋಸ್’. ಅದನ್ನು ಕನ್ನಡವೆಂದು ಬರೆಯುವವರಿಗೆ ನಾನು ಎಷ್ಟೋ ಸಲ ಹೇಳಿದ್ದೇನೆ. ನಮ್ಮದು ‘ನೇಣು’. ಹಳಗನ್ನಡದಲ್ಲಿ ನೇಣ್ ಎಂದರೆ ಹಗ್ಗ, ತಮಿಳಿನ ‘ಞಾಣ್’ ಅದರ ಒಡಹುಟ್ಟು. ‘ನೇಣುಸೆರೆಯಾಳು’ ಎಂದು ಬರೆಯಿರಿ. ‘ಏಕಾಂತವಾಸ’ಕ್ಕೆ ‘ಒಂಟಿಸೆರೆ’. ಇದರಲ್ಲಿ ಚರ್ಚಿಸುವಂಥದ್ದು ಏನೂ ಇಲ್ಲ.

ಧಾರವಾಡದಿಂದ, ಗುರುವಾರ ಬೆಳಿಗ್ಗೆ

ಗದಗಿನ ಮಾಸ್ತರರ ‘ಒಂಟಿಸೆರೆ’ಯನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತೇನೆ. ‘ನೇಣುಸೆರೆಯಾಳು’ ಬೇಡ. ಅದು ‘ಫಾಶಿ ಕೈದಿ’ ಮಾಡುವ ತಪ್ಪನ್ನೇ ಅಚ್ಚಕನ್ನಡದಲ್ಲಿ ಮಾಡುತ್ತದೆ.

ಹಲವು ವರ್ಷ ತೀರ್ಪುಗಳನ್ನು ಕನ್ನಡಕ್ಕೆ ತಿರುಗಿಸಿದವನಾಗಿ ಹೇಳುತ್ತೇನೆ, ಈ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯವೇ ಒಂದು ಪದಚರ್ಚೆಯನ್ನಾಗಿ ನಡೆಸಿದೆ. 1894ರ ಬಂದೀಖಾನೆ ಕಾಯ್ದೆಯ 30ನೆಯ ಕಲಮು ಮರಣದಂಡನೆಗೆ ಒಳಗಾದ ಕೈದಿಯನ್ನು ಉಳಿದವರಿಂದ ಬೇರೆಯಾದ ಕೋಣೆಯಲ್ಲಿ, ಹಗಲೂ ರಾತ್ರಿಯೂ ಕಾವಲಿನಲ್ಲಿ ಇಡಬೇಕೆನ್ನುತ್ತದೆ. ದೆಹಲಿಯ ಸೆರೆಮನೆಯವರು ಇದನ್ನು ಹಿಡಿದು, ಮೇಲ್ಮನವಿ ಬಾಕಿಯಿದ್ದಾಗಲೇ ಸುನಿಲ್ ಬಾತ್ರಾ ಅವರನ್ನು ಒಂಟಿಯಾಗಿಟ್ಟರು. 1978ರ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಎರಡು ಪದಗಳ ಅರ್ಥವನ್ನು ನಿಶ್ಚಯಿಸಿತು. ಮೇಲ್ಮನವಿಗಳೂ ಕ್ಷಮಾದಾನದ ಕೋರಿಕೆಯೂ ಮುಗಿದು, ಶಿಕ್ಷೆಯನ್ನು ತಡೆಯುವ ದಾರಿ ಯಾವುದೂ ಉಳಿಯದ ತನಕ ಆ ಮನುಷ್ಯ ಕಾಯ್ದೆಯ ಅರ್ಥದಲ್ಲಿ ‘ಮರಣದಂಡನೆಗೆ ಒಳಗಾದ ಕೈದಿ’ ಅಲ್ಲ. ‘ಬೇರೆಯಾಗಿ’ ಎಂಬುದಕ್ಕೆ ‘ಒಂಟಿಯಾಗಿ’ ಎಂಬ ಅರ್ಥವೂ ಇಲ್ಲ. ಪದ ಯಾವ ದಿನದಿಂದ ಅನ್ವಯಿಸುತ್ತದೆ ಎಂಬುದರ ಮೇಲೆ ಒಬ್ಬ ಮನುಷ್ಯ ಎಲ್ಲಿ ಮಲಗಬೇಕು, ಯಾರೊಡನೆ ಕೂತು ಉಣ್ಣಬೇಕು ಎಂಬುದು ನಿಂತಿತ್ತು.

ಹಾಗಾಗಿ ಮೊದಲ ದಿನವೇ ‘ಫಾಶಿ ಕೈದಿ’ ಎನ್ನುವುದು ಅವನನ್ನು ನಾಲ್ಕು ಹೆಜ್ಜೆ ಮುಂದಕ್ಕೆ ತಳ್ಳಿದಂತೆ. ಹಾವೇರಿಯ ಸೆಷನ್ಸ್ ನ್ಯಾಯಾಲಯ ಮರಣದಂಡನೆ ವಿಧಿಸಿದರೆ, ಅವನು ಮೇಲ್ಮನವಿ ಸಲ್ಲಿಸಲಿ ಬಿಡಲಿ, ಕಡತ ನಮ್ಮ ಧಾರವಾಡದ ಹೈಕೋರ್ಟ್ ಪೀಠಕ್ಕೆ ಬರಲೇಬೇಕು. ಇಲ್ಲಿ ಖಾಯಂ ಆಗದೆ ಆ ಶಿಕ್ಷೆಯನ್ನು ಜಾರಿಮಾಡುವಂತಿಲ್ಲ. ಆಮೇಲೆ ಸರ್ವೋಚ್ಚ ನ್ಯಾಯಾಲಯ, ಆಮೇಲೆ ರಾಜ್ಯಪಾಲರು, ರಾಷ್ಟ್ರಪತಿ. ನಮ್ಮ ಭಾಷೆಯ ‘ಫಾಶಿ’ಯಲ್ಲಿ ಈ ಮೆಟ್ಟಿಲುಗಳು ಕಾಣಿಸುವುದಿಲ್ಲ. ನರಗುಂದದ ಭಾಸ್ಕರರಾಯ ಭಾವೆಯವರಿಗೆ 1858ರಲ್ಲಿ ಬೆಳಗಾವಿಯಲ್ಲಿ ‘ಫಾಶಿ ಆಯಿತು’ ಎನ್ನುವಾಗ ಪದ ಸರಿಯಾಗಿದೆ, ಏಕೆಂದರೆ ಅಲ್ಲಿ ಪ್ರಾಣ ಹೋಗಿದೆ. ನಿನ್ನೆ ತೀರ್ಪು ಕೇಳಿದವನಿಗೂ ಅದೇ ಮಾತನ್ನು ಆಡಿದರೆ ಆ ತಾಯಿ ಹೆಣ ಕೇಳದೆ ಮತ್ತೇನು ಕೇಳಬೇಕು? ತಪ್ಪು ಅವರ ಕಿವಿಯದ್ದಲ್ಲ.

‘ಏಕಾಂತವಾಸ’ದ ವಿಷಯದಲ್ಲಿ ತಂಗಿಯವರ ಮನಸ್ಸು ಹೇಳಿದ್ದೇ ಸರಿ. ಕನ್ನಡದಲ್ಲಿ ಏಕಾಂತ ಮನುಷ್ಯ ತಾನಾಗಿ ಬಯಸುವ ಸ್ಥಿತಿ. ನಿಮ್ಮ ಜಿಲ್ಲೆಯ ಅಬ್ಬಲೂರಿನ ಶಾಸನದಲ್ಲಿ ಬರುವ ಏಕಾಂತದ ರಾಮಯ್ಯನ ಹೆಸರಿನಲ್ಲಿರುವುದು ಭಕ್ತನ ಏಕನಿಷ್ಠೆ. ಗಂಡ ಹೆಂಡಿರ ಏಕಾಂತ, ಓದುವವನ ಏಕಾಂತ ಎಲ್ಲವೂ ಹಿತವಾದವು. ಬೆಳಗಾವಿಯ ಸೆರೆಮನೆಯಲ್ಲಿ ಒಬ್ಬನನ್ನು 2006ರಿಂದ ಸುಮಾರು 10 ವರ್ಷ ಒಂಟಿಯಾಗಿಟ್ಟದ್ದು ಕಾನೂನಿಗೆ ವಿರುದ್ಧವೆಂದು ಹೇಳಿ ಸರ್ವೋಚ್ಚ ನ್ಯಾಯಾಲಯ 2022ರ ನವೆಂಬರಿನಲ್ಲಿ ಅವನ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಅವನು ಮಾಡಿದ ಅಪರಾಧ ಘೋರವಾದದ್ದು, ಅದನ್ನು ನ್ಯಾಯಾಲಯವೂ ಮರೆಯಲಿಲ್ಲ. ಆದರೆ ಆ 10 ವರ್ಷಗಳಿಗೆ ‘ಏಕಾಂತ’ ಎಂಬ ಹೆಸರಿಡಲು ನನ್ನಿಂದಾಗದು. ಯಾವ ನ್ಯಾಯಾಧೀಶರೂ ವಿಧಿಸದ ಎರಡನೆಯ ಶಿಕ್ಷೆ ಅದು. ‘ಒಂಟಿಸೆರೆ’ ಎಂದೇ ಬರೆಯಿರಿ.

ಕೇಳದಿದ್ದರೂ ಇನ್ನೊಂದು ಮಾತು. ನಿಮ್ಮ ಕರಡಿನಲ್ಲಿ ‘ಕ್ಷಮಾಭಿಕ್ಷೆ’ ಇದ್ದರೆ ದಯವಿಟ್ಟು ತೆಗೆಯಿರಿ. ಆ ಕೋರಿಕೆಯನ್ನು ಪರಿಶೀಲಿಸುವುದು ರಾಷ್ಟ್ರಪತಿಯವರ, ರಾಜ್ಯಪಾಲರ ಸಾಂವಿಧಾನಿಕ ಹೊಣೆಯೆಂದು 2014ರ ಶತ್ರುಘ್ನ ಚೌಹಾಣ್ ತೀರ್ಪು ಹೇಳಿದೆ. ಅಕಾರಣ ವಿಳಂಬವಾದರೆ ಶಿಕ್ಷೆಯನ್ನು ಇಳಿಸಬಹುದೆಂದು ಹೇಳಿ 15 ಜನರ ಮರಣದಂಡನೆಯನ್ನು ಅದು ಜೀವಾವಧಿಗೆ ಇಳಿಸಿತು. ಭಿಕ್ಷೆ ನೀಡಲು ತಡಮಾಡಿದರೆ ಯಾರೂ ಪ್ರಶ್ನಿಸುವಂತಿಲ್ಲ, ಹೊಣೆಯನ್ನು ತಡಮಾಡಿದರೆ ಪ್ರಶ್ನಿಸಬಹುದು. ‘ಕ್ಷಮಾದಾನ ಕೋರಿಕೆ’ ಸಾಕು.

ಗದಗಿನಿಂದ, ಗುರುವಾರ ಮಧ್ಯಾಹ್ನ

ಕಾನೂನು ತಿಳಿಯಿತು. ಆದರೂ ‘ಮರಣದಂಡನೆ’ಯನ್ನೂ ‘ಖಾಯಂ’ ಅನ್ನೂ ಹೀಗೆ ಒಳಗೆ ಬಿಟ್ಟುಕೊಳ್ಳುತ್ತ ಹೋದರೆ ನಾಳೆ ಕನ್ನಡದಲ್ಲಿ ಕನ್ನಡ ಉಳಿಯುವುದಿಲ್ಲ. ‘ಸಾವಿನ ತೀರ್ಪು’ ಎನ್ನಲು ಏನು ಅಡ್ಡಿ? ತೀರ್ಪು ಎಂದರೆ ಇನ್ನೂ ಆಗಿಲ್ಲ ಎಂಬುದೂ ತಾನೇ ತಿಳಿಯುತ್ತದೆ.

ಧಾರವಾಡದಿಂದ, ಗುರುವಾರ ಸಂಜೆ

ಮಾಸ್ತರರೇ, ನಮ್ಮ ಅಜ್ಜಂದಿರು ಸೆರೆಮನೆಗೆ ‘ತುರಂಗ’ ಎಂದರು. ಅದು ಮರಾಠಿಯ ಮೂಲಕ ಬಂದ ಪೋರ್ಚುಗೀಸ್ ಪದ, ಆದರೂ ನಮ್ಮ ಕನ್ನಡ ಸಾಯಲಿಲ್ಲ. ‘ಗಲ್ಲು’ ಇಂಗ್ಲಿಷಿನದೆಂಬ ನಿಮ್ಮ ಮಾತೂ ತೀರ್ಮಾನವಾದದ್ದಲ್ಲ. ಕುತ್ತಿಗೆ ಎಂಬರ್ಥದ ‘ಗಳ’ ನಮ್ಮಲ್ಲಿ ಮೊದಲೇ ಇತ್ತು. ‘ಖಾಯಂ’ ಅನ್ನು ಸಂತೆಗೆ ಬರುವ ಮುದುಕಿಯೂ ಬಲ್ಲಳು, ‘ದೃಢೀಕರಣ’ವನ್ನು ನನ್ನ ಮೊಮ್ಮಗನಿಗೂ ಬಿಡಿಸಿ ಹೇಳಬೇಕಾಗುತ್ತದೆ. ಓದುವವರು ಯಾರು ಎಂಬುದನ್ನು ಬಿಟ್ಟು ಪದದ ಕುಲ ಕೇಳುವ ಹೊತ್ತು ಇದಲ್ಲ. ‘ಸಾವಿನ ತೀರ್ಪು’ ಮಾತ್ರ ಒಳ್ಳೆಯ ಪದ, ಅದನ್ನು ಮನಸಾರೆ ಒಪ್ಪುತ್ತೇನೆ.

ಹಾವೇರಿಯಿಂದ, ಗುರುವಾರ ರಾತ್ರಿ

ಇಬ್ಬರಿಗೂ ಕೃತಜ್ಞತೆಗಳು. ಮೊದಲ ಪುಟದ ಮೊದಲ ಸಾಲನ್ನು ಹೀಗೆ ತಿದ್ದಿದ್ದೇನೆ: ‘ನಿಮ್ಮವರಿಗೆ ಸಾವಿನ ತೀರ್ಪು ಬಂದಿದೆ. ಫಾಶಿ ಆಗಿಲ್ಲ. ಧಾರವಾಡದ ಹೈಕೋರ್ಟಿನಲ್ಲಿ ಖಾಯಂ ಆಗುವವರೆಗೆ ಈ ಶಿಕ್ಷೆಯನ್ನು ಜಾರಿಮಾಡುವಂತಿಲ್ಲ.’ ಮುಂದೆಲ್ಲ ‘ಸಾವಿನ ತೀರ್ಪು ಪಡೆದ ಸೆರೆಯಾಳು’ ಎಂದಿದೆ, ‘ಒಂಟಿಸೆರೆ’ ಎಂದಿದೆ. ‘ಕ್ಷಮಾಭಿಕ್ಷೆ’ ಮೂರು ಕಡೆ ಇತ್ತು, ಮೂರನ್ನೂ ತೆಗೆದೆ. ಇಂದು ಸಂಜೆ ಫೋನಿನಲ್ಲಿ ಆ ತಾಯಿಗೆ ಮೊದಲ ಸಾಲನ್ನು ಓದಿದೆ. ‘ಆಗಿಲ್ಲ’ ಎಂಬುದನ್ನು ಇನ್ನೊಮ್ಮೆ ಓದಿಸಿಕೊಂಡರು.

ಕೊನೆಯ ಪುಟದಲ್ಲಿ ಒಂದು ತೊಡಕು ಉಳಿದಿದೆ. ಕ್ಷಮಾದಾನ ತಿರಸ್ಕೃತವಾದ ಸುದ್ದಿ ತಲುಪಿದ ಮೇಲೆ ಕನಿಷ್ಠ 14 ದಿನ ಬಿಡಬೇಕು, ಮನೆಯವರಿಗೆ ಅವನನ್ನು ಕಾಣಲು ಅವಕಾಶ ಮಾಡಿಕೊಡಬೇಕು ಎಂದು ಅದೇ 2014ರ ತೀರ್ಪು ಹೇಳುತ್ತದೆ. ಇಂಗ್ಲಿಷಿನಲ್ಲಿರುವಂತೆ ‘ಕೊನೆಯ ಭೇಟಿ’ ಎಂದು ದಪ್ಪಕ್ಷರದಲ್ಲಿ ಇಡಲು ನನ್ನಿಂದ ಆಗುತ್ತಿಲ್ಲ. ‘ಮನೆಯವರ ಭೇಟಿ’ ಎಂದಷ್ಟೇ ಬರೆದರೆ ಆ ಹಕ್ಕು ಎಂಥ ಹೊತ್ತಿನದೆಂಬುದು ಮರೆಯಾಗುತ್ತದೆಯೋ ಎಂಬ ಭಯವೂ ಇದೆ. ಬೆಳಿಗ್ಗೆ ಒಂಬತ್ತರ ಒಳಗೆ ತಿಳಿಸಿದರೆ ಉಪಕಾರವಾಗುತ್ತದೆ.