ಸಹಾಯ ಬೇಕು: ತೀರಿಕೊಂಡ ದೊಡ್ಡಪ್ಪನ ಸೇನೆಯ ದಿನಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಹೋದ ತಿಂಗಳು ತೀರಿಕೊಂಡರು. ಅವರು ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪ್‌ನಲ್ಲಿ ಸ್ಯಾಪರ್, ಅಂದರೆ ಸೇನೆಯ ಇಂಜಿನಿಯರ್ ದಳದ ಸಿಪಾಯಿ ಆಗಿದ್ದವರು. ಊರಿನ ಶಾಲೆಯಲ್ಲಿ ಅವರ ನೆನಪಿಗೆ ಒಂದು ಸಣ್ಣ ಕಾರ್ಯಕ್ರಮ ಮಾಡುತ್ತಿದ್ದೇವೆ, ಅದಕ್ಕೆ ನಿಮ್ಮ ಸಹಾಯ ಬೇಕು.

ಊರಿನ ಕೆಲಸದ ಬಗ್ಗೆ ನಮಗೆಲ್ಲ ಗೊತ್ತು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹುಡುಗರನ್ನು ಸೇರಿಸಿಕೊಂಡು ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕ ಕಟ್ಟುತ್ತಿದ್ದರು, ಶಾಲೆ ಮಕ್ಕಳು ದಾಟಬೇಕಲ್ವಾ, ಅದಕ್ಕೆ. ಹಗ್ಗದ ಗಂಟು ಒಂದೊಂದನ್ನೂ ತಾವೇ ಎಳೆದು ನೋಡುತ್ತಿದ್ದರು. ಸೇನೆಗೆ ಸೇರಬೇಕು ಅಂದ ಹುಡುಗರನ್ನು ಬೆಳಗ್ಗೆ ಐದಕ್ಕೇ ಎಬ್ಬಿಸಿ ಓಡಿಸುತ್ತಿದ್ದರು.

ಆದರೆ ಯುದ್ಧದ ಬಗ್ಗೆ ಜಾಸ್ತಿ ಮಾತಾಡಲೇ ಇಲ್ಲ. ಟ್ರಂಕಿನಲ್ಲಿ ಪಶ್ಚಿಮಿ ಸ್ಟಾರ್ ಮತ್ತು ಸಂಗ್ರಾಮ್ ಮೆಡಲ್ ಇವೆ. ಎರಡೂ 1971ರ ಭಾರತ-ಪಾಕಿಸ್ತಾನ ಯುದ್ಧದ ಪದಕಗಳು, ಅದರಲ್ಲಿ ಪಶ್ಚಿಮಿ ಸ್ಟಾರ್ ಪಶ್ಚಿಮದ ಕಡೆ ಇದ್ದವರಿಗೆ ಕೊಟ್ಟದ್ದು. ಅಂದರೆ ಆಗ ಅವರು ಪಶ್ಚಿಮದ ಗಡಿಯಲ್ಲಿದ್ದರು. 9 ಇಂಜಿನಿಯರ್ ರೆಜಿಮೆಂಟ್ ಎಂದು ಹೇಳುತ್ತಿದ್ದರು. ಡಿಸೆಂಬರ್‌ನಲ್ಲಿ ಬಸಂತರ್ ನದಿಯ ಹತ್ತಿರ ನೆಲಬಾಂಬ್ ತೆಗೆದು ನಮ್ಮ ಟ್ಯಾಂಕ್‌ಗಳಿಗೆ ದಾರಿ ಮಾಡಿಕೊಟ್ಟ ರೆಜಿಮೆಂಟ್ ಅದು.

ಆಗ ಅದೇ ರೆಜಿಮೆಂಟ್‌ನಲ್ಲಿದ್ದವರು ಅಥವಾ ಅವರ ಮನೆಯವರು ಯಾರಾದರೂ ಇಲ್ಲಿದ್ದೀರಾ? ಹಳೇ ಗ್ರೂಪ್ ಫೋಟೋ, ಪತ್ರ ಏನಿದ್ದರೂ ಸರಿ, ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದರೆ ಸಾಕು. ಸೇವಾ ದಾಖಲೆ ಕೇಳಲು ರೆಕಾರ್ಡ್ಸ್ ಆಫೀಸಿಗೆ ಮನೆಯವರು ಹೇಗೆ ಅರ್ಜಿ ಬರೆಯಬೇಕು ಅನ್ನೋದನ್ನೂ ಗೊತ್ತಿದ್ದವರು ದಯವಿಟ್ಟು ತಿಳಿಸಿ. ಡಿಸ್ಚಾರ್ಜ್ ಪುಸ್ತಕ ನಮ್ಮ ಹತ್ತಿರ ಇದೆ. ದೊಡ್ಡಮ್ಮನಿಗೂ ಇದನ್ನೆಲ್ಲ ತಿಳಿದುಕೊಳ್ಳುವ ಆಸೆ ತುಂಬಾ ಇದೆ. ಇನ್‌ಬಾಕ್ಸ್‌ಗೆ ಬರೆದರೂ ಆಗುತ್ತೆ.